ಕಾಗದದ ಗಂಡುಗೊಡಲಿ, ಎರಡನೇ ಸಲ

ನನ್ನ ಹತ್ತಿರ ಒಂದು ಕೊಡಲಿ ಇದೆ. ಉದ್ದ 110 ಸೆಂಟಿಮೀಟರ್. ಎರಡು ಕಡೆಯೂ ಬಾಯಿ. ಒಂದು ಬಾಯಿಯಿಂದ ಇನ್ನೊಂದಕ್ಕೆ 46 ಸೆಂಟಿಮೀಟರ್. ದೂರದಿಂದ ನೋಡಿದವರು ಕಬ್ಬಿಣ ಅಂತಲೇ ಅಂದುಕೊಳ್ಳುತ್ತಾರೆ. ಕೈಗೆ ಕೊಟ್ಟರೆ ತೋಳು ಮೇಲೆ ಹಾರುತ್ತದೆ, ಯಾಕೆಂದರೆ ತೂಕ ಒಂದೂವರೆ ಕಿಲೋ ಚಿಲ್ಲರೆ ಅಷ್ಟೇ. ಒಳಗಿರುವುದು ಕಾಗದ.

ಇದಕ್ಕೂ ಮೊದಲು ಇನ್ನೊಂದು ಕೊಡಲಿ ಇತ್ತು. ಅದರ ಒಂದು ಅಲಗು ಈಗಲೂ ಮೇಜಿನ ಕೆಳಗೆ ಬಿದ್ದಿದೆ. ಕಲ್ಲಿನಷ್ಟು ಗಟ್ಟಿ. ಆದರೆ ಒಣಗಿದ ಎಲೆಯ ಹಾಗೆ ಸುರುಳಿ ಸುತ್ತಿಕೊಂಡಿದೆ. ಅದು ಹಾಗಾದದ್ದು ಒಂದೇ ರಾತ್ರಿಯಲ್ಲಿ.

ಪಾತ್ರಗಳ ವೇಷ ಹಾಕಿಕೊಂಡು ಜನ ಸೇರುವ ಕೂಟಕ್ಕೆಂದು ಮಾಡಿದ್ದು ಇದು. ವೇಷ ನನ್ನದೇ. ಒಬ್ಬ ಒರಟು ಯೋಧ, ಮೈಮೇಲೆ ತುಪ್ಪಳ, ಹೆಗಲ ಮೇಲೆ ಕೊಡಲಿ. ಬಟ್ಟೆ, ಬೆಲ್ಟು, ಬೂಟು ಹೇಗೋ ಹೊಂದಿಸಬಹುದು. ಕೊಡಲಿ ಮಾತ್ರ ಎಲ್ಲೂ ಸಿಗುವಂಥದ್ದಲ್ಲ. ಫೋಮ್ ಹಾಳೆಯಲ್ಲಿ ಮಾಡಬಹುದಿತ್ತು, ಸುಲಭವೂ ಹೌದು. ಆದರೆ ನನಗೆ ಬೇಕಾದ ಅಲಗು ನಡುವೆ ಉಬ್ಬಿ, ಅಂಚಿಗೆ ಬರುತ್ತಾ ತೆಳುವಾಗಬೇಕಿತ್ತು. ಅಲ್ಲಲ್ಲಿ ಮೂಲೆಗಳು ಚೂಪಾಗಿ ಮುರಿಯಬೇಕಿತ್ತು. ಅಂಥ ಆಕಾರಕ್ಕೆ ಕಾಗದದಷ್ಟು ಒಳ್ಳೆಯ ಸರಕು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಕಾಗದ ಹೇಳಿದ ಜಾಗದಲ್ಲಿ ಮಡಿಚಿಕೊಳ್ಳುತ್ತದೆ, ಹೇಳದ ಜಾಗದಲ್ಲಿ ಸಪಾಟಾಗಿ ಇರುತ್ತದೆ. ಇರಬೇಕು, ಅಷ್ಟೇ.

ಕೆಲಸ ಶುರುವಾಗುವುದು ಕಂಪ್ಯೂಟರಿನಲ್ಲಿ. ಮೂರು ಆಯಾಮದ ಮಾದರಿಯನ್ನು ಬಿಚ್ಚಿ ಸಪಾಟು ತುಂಡುಗಳಾಗಿ ಹರಡುವ ತಂತ್ರಾಂಶಗಳಿವೆ. ಇದರಲ್ಲಿ ಹೆಸರಾದದ್ದು ಜಪಾನಿನ ಪೆಪಕುರಾ ಡಿಸೈನರ್. ‘ಪೇಪರ್ ಕ್ರಾಫ್ಟ್’ ಅನ್ನುವುದನ್ನೇ ಜಪಾನೀಯರು ಮೊಟಕು ಮಾಡಿ ‘ಪೆಪಕುರಾ’ ಅಂದಿದ್ದಾರೆ. ಮೂರು ಆಯಾಮದ ಮಾದರಿ ತಯಾರಿಸುವ ಬ್ಲೆಂಡರ್ ಅನ್ನುವ ತಂತ್ರಾಂಶ ಬಳಸುವವರಿಗೆ ಅದರಲ್ಲೇ ಇದೇ ಕೆಲಸದ ಉಚಿತ ಆಡ್-ಆನ್ ಇದೆ. ನಾನು ಮಾದರಿಯನ್ನು ಬ್ಲೆಂಡರಿನಲ್ಲಿ ತಯಾರು ಮಾಡಿ ಪೆಪಕುರಾದಲ್ಲಿ ಬಿಚ್ಚಿದೆ. ಕಂಪ್ಯೂಟರಿನಲ್ಲಿ ಮಾದರಿಯ ಮೈ ಸಪಾಟು ತ್ರಿಕೋನಗಳು ಸೇರಿ ಆಗಿರುತ್ತದೆ. ಅವು ಎಷ್ಟು ಕಡಿಮೆಯೋ ಕೈಗೆ ಅಷ್ಟು ನೆಮ್ಮದಿ. ಕಂಪ್ಯೂಟರ್ ಆಟಕ್ಕೆಂದು ಮಾಡಿದ ಮಾದರಿಯನ್ನು ಹಾಗೇ ಬಿಚ್ಚಿದರೆ ಉಗುರಿನಷ್ಟು ಚಿಕ್ಕ ತುಂಡುಗಳು ನೂರಾರು ಬರುತ್ತವೆ. ಅವನ್ನು ಅಂಟಿಸಲು ಇರುವೆಗೆ ಮಾತ್ರ ಸಾಧ್ಯ.

ಅಳತೆಯ ವಿಷಯದಲ್ಲಿ ಒಂದು ಕೆಲಸ ಮಾಡಿದೆ, ಅದಕ್ಕೆ ಈಗಲೂ ಬೆನ್ನು ತಟ್ಟಿಕೊಳ್ಳುತ್ತೇನೆ. ಹಳೆಯ ಪತ್ರಿಕೆಯಲ್ಲಿ ಅಲಗಿನ ಆಕಾರ ಕತ್ತರಿಸಿ, ಕೋಲಿಗೆ ಸಿಕ್ಕಿಸಿ, ಕನ್ನಡಿ ಮುಂದೆ ನಿಂತೆ. ಪರದೆಯ ಮೇಲೆ ಭರ್ಜರಿ ಕಾಣುತ್ತಿದ್ದ 60 ಸೆಂಟಿಮೀಟರ್ ಅಗಲ ನನ್ನ ಕೈಯಲ್ಲಿ ಛತ್ರಿಯ ಹಾಗೆ ಕಂಡಿತು. ಬಾಗಿಲಿನಲ್ಲಿ ಓರೆಯಾಗದೆ ನುಗ್ಗಲೂ ಆಗುತ್ತಿರಲಿಲ್ಲ. ಪತ್ರಿಕೆಯನ್ನು ಕತ್ತರಿಸುತ್ತಾ ಕತ್ತರಿಸುತ್ತಾ 46ಕ್ಕೆ ಬಂದು ನಿಂತೆ.

ಕಾಗದ 200 ಜಿಎಸ್‌ಎಂ. ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ 200 ಗ್ರಾಂ. ಒಂದು ಎ4 ಹಾಳೆ ಸುಮಾರು 12 ಗ್ರಾಂ ಆಗುತ್ತದೆ. 300ರ ಹಾಳೆ ಇನ್ನೂ ಗಟ್ಟಿ ಇರುತ್ತದೆ ನಿಜ, ಆದರೆ ಮನೆಯ ಪ್ರಿಂಟರ್ ಅದನ್ನು ನುಂಗಲಾರದೆ ಒದ್ದಾಡುತ್ತದೆ. ಮಡಿಕೆಯ ಬೆನ್ನೂ ಬಿರಿಯುತ್ತದೆ. ಒಟ್ಟು 27 ಹಾಳೆ ಹಿಡಿಯಿತು. ಕೊಡಲಿಯ ತಲೆ ಪೂರ್ತಿ, ಕತ್ತರಿಸಿ ಬಿಸಾಡಿದ ಚೂರುಗಳನ್ನೂ ಸೇರಿಸಿದರೆ, ಮೂರು ನೂರು ಚಿಲ್ಲರೆ ಗ್ರಾಂ ಕಾಗದ.

ಮೊದಲ ಎಡವಟ್ಟು ಇಲ್ಲೇ ಆಯಿತು. ಒಂದು ದಿನ 15 ಹಾಳೆ ಮುದ್ರಿಸಿದೆ. ಉಳಿದದ್ದನ್ನು ಎರಡು ದಿನ ಬಿಟ್ಟು ಮುದ್ರಿಸಿದೆ. ಎರಡನೇ ದಿನ ಪ್ರಿಂಟರಿನ ಕಿಟಕಿಯಲ್ಲಿ ‘ಹಾಳೆಗೆ ಹೊಂದಿಸು’ ಅನ್ನುವ ಕಡೆ ಟಿಕ್ ಬಿದ್ದಿತ್ತು, ನಾನು ನೋಡಲಿಲ್ಲ. ಎಲ್ಲಾ ತುಂಡುಗಳೂ ನೂರಕ್ಕೆ ನಾಲ್ಕರಷ್ಟು ಕುಗ್ಗಿ ಬಂದವು. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅಂಟಿಸಲು ಕೂತಾಗ 63ನೇ ನಂಬರಿನ ಅಂಚು ತನ್ನ ಜೋಡಿಗಿಂತ ಅರ್ಧ ಸೆಂಟಿಮೀಟರ್ ಗಿಡ್ಡ. ನನ್ನ ಕತ್ತರಿಯದೇ ತಪ್ಪು ಅಂದುಕೊಂಡು ರಾತ್ರಿಯೆಲ್ಲಾ ಎಳೆದಾಡಿ ಅಂಟಿಸಿದೆ. 64ನೆಯದೂ ಗಿಡ್ಡ. 65ನೆಯದೂ. ಆಮೇಲೆ ಸ್ಕೇಲು ಇಟ್ಟು ನೋಡಿದೆ. ಈಗ ಪ್ರತಿ ಹಾಳೆಯ ಮೂಲೆಯಲ್ಲೂ ಸರಿಯಾಗಿ 5 ಸೆಂಟಿಮೀಟರಿನ ಒಂದು ಗೆರೆ ಹಾಕಿಯೇ ಮುದ್ರಿಸುತ್ತೇನೆ. ಅದನ್ನು ಅಳೆಯದೆ ಕತ್ತರಿ ಮುಟ್ಟುವುದಿಲ್ಲ.

ನಂಬರಿನ ಮಾತು ಬಂತು. ಬಿಚ್ಚಿದ ತುಂಡುಗಳ ಪ್ರತಿ ಅಂಚಿಗೂ ತಂತ್ರಾಂಶ ಒಂದು ನಂಬರು ಕೊಡುತ್ತದೆ. 63 ಹೋಗಿ 63ಕ್ಕೆ ಅಂಟಬೇಕು. ಒಂದು ಅಂಚಿಗೆ ಅಂಟು ಹಚ್ಚಲು ಸಣ್ಣ ಪಟ್ಟಿ ಇರುತ್ತದೆ, ನಾನು ಅದಕ್ಕೆ ಕಿವಿ ಅನ್ನುತ್ತೇನೆ. ಮಡಿಕೆಯ ಗೆರೆಗಳಲ್ಲಿ ಎರಡು ಬಗೆ: ಹೊರಗೆ ಏಣಾಗುವ ಬೆಟ್ಟದ ಮಡಿಕೆ, ಒಳಗೆ ತಗ್ಗಾಗುವ ಕಣಿವೆಯ ಮಡಿಕೆ. ಯಾವ ಗೆರೆ ಯಾವುದಕ್ಕೆ ಅಂತ ಒಂದು ಚೀಟಿ ಬರೆದು ಕಣ್ಣೆದುರು ಅಂಟಿಸಿಕೊಂಡರೆ ಒಳ್ಳೆಯದು. ಮಧ್ಯರಾತ್ರಿ ಕಳೆದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಮಡಿಚುವ ಮೊದಲು ಗೆರೆಯ ಮೇಲೆ ಒತ್ತು ಕೊಡಬೇಕು. ಇದಕ್ಕೆ ಇಂಕು ಮುಗಿದ ಬಾಲ್ ಪೆನ್ನಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಸ್ಟೀಲ್ ಸ್ಕೇಲು ಇಟ್ಟು ಗಟ್ಟಿಯಾಗಿ ಎಳೆದರೆ ಕಾಗದ ಕತ್ತರಿಸುವುದಿಲ್ಲ, ತಗ್ಗು ಬೀಳುತ್ತದೆ. ಒತ್ತು ಕೊಡದೆ ಮಡಿಚಿದ ಗೆರೆ ತಾನು ಹೋಗಬೇಕಾದಲ್ಲಿ ಹೋಗದೆ ತನಗೆ ಬೇಕಾದಲ್ಲಿ ಹೋಗುತ್ತದೆ. ಚಾಕುವಿನ ಬ್ಲೇಡನ್ನು ಜಿಪುಣತನ ಮಾಡದೆ ಬದಲಾಯಿಸಬೇಕು. ಮೊಂಡು ಬ್ಲೇಡು ಕಾಗದವನ್ನು ಕೊಯ್ಯುವುದಿಲ್ಲ, ಹರಿಯುತ್ತದೆ.

ಅಂಟಿಗೆ ಮರಗೆಲಸದ ಬಿಳಿ ಅಂಟು. ಬೆರಳ ತುದಿಯಲ್ಲಿ ಸವರಿದ ಹಾಗೆ, ತೆಳುವಾಗಿ. ಅದರಲ್ಲಿರುವ ನೀರು ಕಾಗದವನ್ನು ಅಲೆ ಅಲೆಯಾಗಿಸುತ್ತದೆ. ಒಳಗೆ ಬೆರಳು ಹೋಗದ ಕೊನೆಯ ಕಿವಿಗಳಿಗೆ ಮಾತ್ರ ಸೂಪರ್ ಗ್ಲೂ. ಅದನ್ನು ಹತ್ತಿಯಿಂದ ಒರೆಸಲು ಹೋಗಬೇಡಿ. ಹತ್ತಿಗೆ ತಾಗಿದರೆ ಅದು ಥಟ್ಟನೆ ಬಿಸಿಯಾಗಿ ಹೊಗೆಯಾಡುತ್ತದೆ, ಬೆರಳು ಸುಡುತ್ತದೆ.

ಹನ್ನೊಂದು ರಾತ್ರಿಗಳಲ್ಲಿ ತಲೆ ತಯಾರಾಯಿತು. ಬೆಳ್ಳಗೆ, ಚೂಪಾಗಿ, ಹಗುರಾಗಿ. ಸುಮ್ನೆ ಹಾಗೇ ಇಟ್ಟುಬಿಡೋಣ ಅನ್ನಿಸುವಷ್ಟು ಚೆಂದ ಇತ್ತು.

ಇನ್ನು ಗಟ್ಟಿ ಮಾಡಬೇಕು. ಇದಕ್ಕೆ ಪಾಲಿಯೆಸ್ಟರ್ ರೆಸಿನ್ ಅನ್ನುವ ಅಂಟಿನಂಥ ದ್ರವ ಬಳಸುತ್ತಾರೆ, ಫೈಬರ್ ಗ್ಲಾಸ್ ಕೆಲಸದ್ದು. ಅದಕ್ಕೆ ಎಂಇಕೆಪಿ ಅನ್ನುವ ಹಾರ್ಡನರನ್ನು, ಅಂದರೆ ರೆಸಿನ್ನನ್ನು ಗಟ್ಟಿಯಾಗಿಸುವ ರಾಸಾಯನಿಕವನ್ನು, ನೂರಕ್ಕೆ ಒಂದರಿಂದ ಎರಡು ಭಾಗ ಬೆರೆಸಬೇಕು. ಬೆರೆಸಿದ ಮೇಲೆ ಹತ್ತು ಹದಿನೈದು ನಿಮಿಷ ಕೆಲಸಕ್ಕೆ ಸಿಗುತ್ತದೆ. ಬಿಸಿಲಿದ್ದರೆ ಇನ್ನೂ ಕಡಿಮೆ, ಚಳಿಯಿದ್ದರೆ ಜಾಸ್ತಿ. ನಾನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ 300 ಗ್ರಾಂ ಒಟ್ಟಿಗೇ ಕಲಸಿದೆ. ದೊಡ್ಡ ಬ್ರಶ್ ತಗೊಂಡು ಒಂದು ಅಲಗಿನ ಹೊರಗೆ ದಪ್ಪಗೆ ಬಳಿದೆ. ಮೊದಲು ಮೇಲಿನ ಮುಖ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಹಾಗೆ. ಅಷ್ಟರಲ್ಲಿ ಡಬ್ಬಿಯಿಂದ ಹೊಗೆ ಬರಲು ಶುರುವಾಯಿತು. ರೆಸಿನ್ ಗಟ್ಟಿಯಾಗುವಾಗ ತನ್ನಷ್ಟಕ್ಕೆ ಬಿಸಿ ಹುಟ್ಟುತ್ತದೆ. ತೆಳುವಾಗಿ ಹರಡಿದ್ದರೆ ಆ ಬಿಸಿ ಹಾರಿಹೋಗುತ್ತದೆ. ಡಬ್ಬಿಯಲ್ಲಿ ಗುಡ್ಡೆಯಾಗಿದ್ದರೆ ಒಳಗೇ ಸೇರಿಕೊಂಡು ಇನ್ನಷ್ಟು ಬೇಗ ಗಟ್ಟಿಯಾಗಿ, ಇನ್ನಷ್ಟು ಬಿಸಿಯಾಗುತ್ತದೆ. ಡಬ್ಬಿಯ ತಳ ಮೆತ್ತಗಾಗಿ ಕುಸಿಯಿತು. ಹೊರಗೆ ಕಲ್ಲಿನ ಮೇಲೆ ಇಟ್ಟು ದೂರ ನಿಂತೆ. ಅರ್ಧಕ್ಕೂ ಜಾಸ್ತಿ ರೆಸಿನ್ ಹಾಳು.

ಅಲಗನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ನಾನೂ ಹೋಗಿ ಮಲಗಿದೆ.

ಬೆಳಿಗ್ಗೆ ನನಗಿಂತ ಮೊದಲು ತಂಗಿ ನೋಡಿದ್ದಳು. “ಅಣ್ಣಾ, ಇದು ಕೊಡಲೀನಾ? ಮೊರದ ಥರ ಇದೆಯಲ್ಲೋ,” ಅಂದಳು. ಮೇಲಿನ ಮುಖ ಒಳಗೆ ಜೋತುಬಿದ್ದಿತ್ತು. ಅಂಚು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ತಿರುಚಿಕೊಂಡಿತ್ತು. ಮುಟ್ಟಿ ನೋಡಿದೆ. ಎಷ್ಟು ಗಟ್ಟಿ ಅಂದರೆ ಮೊಣಕಾಲಿಗಿಟ್ಟು ಒತ್ತಿದರೂ ಜಗ್ಗಲಿಲ್ಲ.

ಯಾಕೆ ಹೀಗಾಯಿತು ಅಂತ ಆ ವಾರವೆಲ್ಲಾ ಯೋಚಿಸಿದೆ. ಕಾರಣ ಮೂರು ಕಂಡವು. ಕಾಗದ ರೆಸಿನ್ ಕುಡಿದ ತಕ್ಷಣ ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ, ಗಟ್ಟಿಯಾಗುವುದು ಆಮೇಲೆ. ಆ ಮೆತ್ತಗಿನ ಹೊತ್ತಿನಲ್ಲಿ ಅದರ ಮೇಲೆ ರೆಸಿನ್ನಿನದೇ ಭಾರ ಇರುತ್ತದೆ. ಒಳಗೆ ಆಸರೆ ಏನೂ ಇಲ್ಲ. ಜೊತೆಗೆ ಪಾಲಿಯೆಸ್ಟರ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್ನಿಗಿಂತ ಜಾಸ್ತಿ. ಒಂದೇ ಮುಖಕ್ಕೆ ಬಳಿದರೆ ಆ ಮುಖದ ಕಡೆಗೇ ಇಡೀ ಅಲಗನ್ನು ಎಳೆದುಕೊಳ್ಳುತ್ತದೆ. ನಾನು ಅಂದುಕೊಂಡಿದ್ದು, ರೆಸಿನ್ ಬಿದ್ದರೆ ಕಾಗದ ತಾನು ಇದ್ದ ಹಾಗೇ ನಿಲ್ಲುತ್ತದೆ ಅಂತ. ರೆಸಿನ್ನಿಗೆ ನೆಟ್ಟಗಿನದು, ಸೊಟ್ಟದ್ದು ಎರಡೂ ಒಂದೇ. ಆ ಗಳಿಗೆಯಲ್ಲಿ ಹೇಗಿದೆಯೋ ಹಾಗೆ ಗಟ್ಟಿ ಮಾಡಿಬಿಡುತ್ತದೆ.

ಹಾಗಾಗಿ ಎರಡನೇ ಕೊಡಲಿಗೆ ರೆಸಿನ್ ಡಬ್ಬಿ ತೆರೆಯುವ ಮೊದಲೇ ಹೆಚ್ಚು ಕೆಲಸ ಮಾಡಿದೆ. ಮತ್ತೆ 27 ಹಾಳೆ. ಈ ಸಲ ಪ್ರತಿ ಅಲಗಿನ ಒಂದು ಮುಖ ಮುಗಿದ ಮೇಲೆ, ಇನ್ನೊಂದು ಮುಖ ಮುಚ್ಚುವ ಮುಂಚೆ, ಒಳಗೆ ರಟ್ಟಿನ ಪಕ್ಕೆಲುಬು ಕೂರಿಸಿದೆ. ಪೆಟ್ಟಿಗೆಯ ಅಲೆ ರಟ್ಟು, 5 ಮಿಲಿಮೀಟರ್ ದಪ್ಪದ್ದು. ಕಾವಿನ, ಅಂದರೆ ಹಿಡಿಕೆಯ, ಕಡೆಯಿಂದ ಬಾಯಿಯ ಅಂಚಿನ ಕಡೆಗೆ, ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿಕೊಂಡು ಏಳು. ಕಾವಿನ ಕಡೆ ಅಲಗು 6 ಸೆಂಟಿಮೀಟರ್ ದಪ್ಪ, ಅಲ್ಲಿ ಬಾಯಿ ತೆರೆದೇ ಬಿಟ್ಟೆ. ಪಕ್ಕೆಲುಬಿನ ಬದಲು ಥರ್ಮಾಕೋಲ್ ತುಂಬಿಬಿಡೋಣ ಅಂತ ಒಮ್ಮೆ ಅನ್ನಿಸಿತ್ತು. ಪುಣ್ಯಕ್ಕೆ ಒಂದು ಚೂರಿನ ಮೇಲೆ ರೆಸಿನ್ ಹನಿಸಿ ನೋಡಿದೆ. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರೀನ್ ಇರುತ್ತದೆ, ಅದು ಥರ್ಮಾಕೋಲನ್ನು ಕರಗಿಸುತ್ತದೆ. ಕಣ್ಣೆದುರೇ ಗುಳಿ ಬಿತ್ತು.

ಆ ಸ್ಟೈರೀನ್ ನಮ್ಮ ಮೂಗಿಗೂ ಒಳ್ಳೆಯದಲ್ಲ. ಈ ಭಾಗವನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಮೊದಲ ಸಲ ನಾನು ಬಟ್ಟೆ ಮಾಸ್ಕ್ ಕಟ್ಟಿಕೊಂಡು ಕೂತಿದ್ದೆ, ಎರಡು ದಿನ ತಲೆನೋವು. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಇಂಥ ರಾಸಾಯನಿಕಗಳ ಆವಿ (ಆರ್ಗಾನಿಕ್ ವೇಪರ್) ಹಿಡಿಯುವ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು, ಕೆಲಸ ಬಯಲಲ್ಲೇ ಆಗಬೇಕು, ಹತ್ತಿರ ಬೆಂಕಿ ಇರಬಾರದು. ಎಂಇಕೆಪಿ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯ, ಹಾಗಾಗಿ ಕನ್ನಡಕ ಮತ್ತು ಗ್ಲೌಸ್ ಹಾಕದೆ ಬಾಟಲಿ ಮುಟ್ಟಬಾರದು. ಕೆಲವು ರೆಸಿನ್‌ಗಳಿಗೆ ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ಆಕ್ಸಿಲರೇಟರ್ ಅಂತ ಇನ್ನೊಂದು ಬಾಟಲಿ ಬೇರೆ ಇರುತ್ತದೆ. ಅದನ್ನು ಮೊದಲು ರೆಸಿನ್ನಿಗೆ ಬೆರೆಸಿ ಚೆನ್ನಾಗಿ ಕಲಸಬೇಕು, ಆಮೇಲೆ ಹಾರ್ಡನರ್. ಈ ಎರಡು ಬಾಟಲಿಯದನ್ನು ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸಿಡಿಯುತ್ತದೆ. ಇದು ತಮಾಷೆಯ ಮಾತಲ್ಲ. ಮನೆಯಲ್ಲಿ ಮಕ್ಕಳಿದ್ದರೆ, ಬಯಲು ಜಾಗ ಇಲ್ಲದಿದ್ದರೆ, ಈ ದಾರಿಯೇ ಬೇಡ. ಬಿಳಿ ಅಂಟಿಗೆ ನೀರು ಬೆರೆಸಿ ಕಾಗದದ ಪಟ್ಟಿಗಳನ್ನು ಪದರ ಪದರವಾಗಿ ಅಂಟಿಸಿದರೂ ಒಂದು ಮಟ್ಟಕ್ಕೆ ಗಟ್ಟಿಯಾಗುತ್ತದೆ. ಒಣಗಲು ತಡ, ಅಷ್ಟೇ.

ಈ ಸಲ ಒಮ್ಮೆಗೆ 60 ಗ್ರಾಂ ಮಾತ್ರ ಕಲಸಿದೆ, ಅದಕ್ಕೆ ಹಾರ್ಡನರ್ ಸುಮಾರು 1 ಗ್ರಾಂ. ಅಲಗನ್ನು ಮಲಗಿಸಲಿಲ್ಲ. ತೆರೆದ ಬಾಯಿಗೆ ತಂತಿಯ ಕೊಕ್ಕೆ ಹಾಕಿ ನೇತುಬಿಟ್ಟೆ, ಚೂಪು ಅಂಚು ಕೆಳಗೆ. ರೆಸಿನ್ ಇಳಿದರೂ ಅಂಚಿಗೇ ಇಳಿಯುತ್ತದೆ, ಅಲ್ಲಿ ಹೇಗೂ ದಪ್ಪ ಬೇಕು. ಎರಡೂ ಮುಖಕ್ಕೆ ಒಂದೇ ಸಲಕ್ಕೆ, ಬ್ರಶ್ ಒಣಗಿದ ಹಾಗೆ ಕಾಣುವಷ್ಟು ತೆಳುವಾಗಿ ಬಳಿದೆ. ಎಣ್ಣೆ ತಾಗಿದ ಕಾಗದದ ಹಾಗೆ ಹಾಳೆ ಪಾರದರ್ಶಕವಾಯಿತು, ಒಳಗಿನ ಪಕ್ಕೆಲುಬು ನೆರಳಿನಂತೆ ಕಂಡವು. ನಂಬರುಗಳು ಮೊದಲಿಗಿಂತ ಕಪ್ಪಾಗಿ ಎದ್ದು ನಿಂತವು. ಒಂದು ದಿನ ಬಿಟ್ಟು ಇನ್ನೊಂದು ಪದರ. ಮತ್ತೊಂದು ದಿನ ಬಿಟ್ಟು ಮೂರನೆಯದು. ಪ್ರತಿ ಸಲವೂ ಸ್ಕೇಲನ್ನು ಮುಖದ ಮೇಲೆ ಅಡ್ಡ ಇಟ್ಟು ಬೆಳಕು ತೂರುತ್ತದೆಯಾ ಅಂತ ನೋಡಿದೆ. ತೂರಲಿಲ್ಲ. ಆ ಖುಷಿಗೆ ತಂಗಿಯನ್ನು ಕರೆದು ತೋರಿಸಿದೆ. “ಇನ್ನೂ ಕಾಗದದ ಥರಾನೇ ಇದೆ,” ಅಂದು ಹೋದಳು.

ಮೇಲ್ಮೈ ಜಿಗುಟಾಗಿಯೇ ಉಳಿದರೆ ಗಾಬರಿ ಬೇಡ. ಕೆಲವು ರೆಸಿನ್ ಗಾಳಿ ತಾಗುವ ಕಡೆ ಪೂರ್ತಿ ಗಟ್ಟಿಯಾಗುವುದಿಲ್ಲ, ಮುಂದಿನ ಪದರ ಚೆನ್ನಾಗಿ ಹಿಡಿಯಲಿ ಅಂತ. ಉಜ್ಜುವ ಮೊದಲು ಅಸಿಟೋನ್ ಬಟ್ಟೆಯಲ್ಲಿ ಒರೆಸಿಕೊಂಡರೆ ಸಾಕು.

ಹೊರಗೆ ಗಟ್ಟಿಯಾದ ಮೇಲೆ ಒಳಗಿನ ಸರದಿ. ರೆಸಿನ್ ಮತ್ತು ಕಾರಿನ ಡೆಂಟ್ ತುಂಬುವ ಪುಟ್ಟಿಯನ್ನು ಸಮ ಸಮ ಬೆರೆಸಿ, ಎರಡರ ಹಾರ್ಡನರೂ ಹಾಕಿ, ತೆಳು ಕೆಸರಿನ ಹದಕ್ಕೆ ತಂದೆ. ತೆರೆದ ಬಾಯಿಯಿಂದ ಪಕ್ಕೆಲುಬುಗಳ ನಡುವಿನ ಒಂದೊಂದೇ ಓಣಿಗೆ ಸುರಿದು, ಅಲಗನ್ನು ಅತ್ತ ಇತ್ತ ವಾಲಿಸಿದೆ. ಒಳಗೋಡೆಗೆಲ್ಲಾ ಒಂದು ಲೇಪ ಬಿತ್ತು. ಕೈ ನೋವು ಬರುವ ತನಕ ತಿರುಗಿಸುತ್ತಲೇ ಇರಬೇಕು, ನಿಲ್ಲಿಸಿದರೆ ಒಂದು ಮೂಲೆಯಲ್ಲಿ ಗುಡ್ಡೆ ಕಟ್ಟುತ್ತದೆ. ಫೈಬರ್ ಗ್ಲಾಸ್ ಮ್ಯಾಟ್ ಬಳಸಿದ್ದು ಒಂದೇ ಕಡೆ, ಅಲಗು ಕಾವನ್ನು ಸೇರುವ ಕತ್ತಿನಲ್ಲಿ. ಬೀಸಿದಾಗ ಎಲ್ಲಾ ಒತ್ತಡ ಬೀಳುವುದು ಅಲ್ಲಿಗೇ. ಕಾವಿಗೆ 32 ಮಿಲಿಮೀಟರಿನ ಪಿವಿಸಿ ಪೈಪು, ಅದರೊಳಗೆ ಮರದ ಕೋಲು. ಬರೀ ಪೈಪು ತಲೆಯ ಭಾರಕ್ಕೆ ಬಳುಕುತ್ತದೆ. ಮ್ಯಾಟಿನ ಎಳೆಗಳು ಮೈಗೆ ಹತ್ತಿದರೆ ದಿನವಿಡೀ ತುರಿಕೆ, ತುಂಬು ತೋಳಿನ ಅಂಗಿ ಹಾಕಿ.

ಪುಟ್ಟಿ ಮತ್ತು ಉಜ್ಜಾಟ. ಇದನ್ನು ಎಷ್ಟು ಹೇಳಿದರೂ ಅಷ್ಟೇ. ಎರಡು ವಾರ ಉಜ್ಜಿದೆ. 80 ನಂಬರ್ ಸ್ಯಾಂಡ್ ಪೇಪರಿನಿಂದ ಶುರು, 120, 220, ಕೊನೆಗೆ 400. ಪುಟ್ಟಿ ಪೂರ್ತಿ ಗಟ್ಟಿಯಾಗುವ ಮುಂಚೆ, ಸೋಪಿನಷ್ಟು ಮೆತ್ತಗಿರುವಾಗ ಚಾಕುವಿನಲ್ಲಿ ಹೆರೆದುಬಿಟ್ಟರೆ ಅರ್ಧ ಕೆಲಸ ಉಳಿಯುತ್ತದೆ. ಇಲ್ಲಿ ಒಂದು ತೀರ್ಮಾನವನ್ನೂ ತೆಗೆದುಕೊಳ್ಳಬೇಕು. ಯಾವ ಮಡಿಕೆ ಬೇಕು ಅಂತಲೇ ಇಟ್ಟದ್ದು, ಯಾವುದು ತ್ರಿಕೋನ ಕಡಿಮೆ ಮಾಡಿದ್ದಕ್ಕೆ ಸುಮ್ಮನೆ ಬಂದದ್ದು? ಬೇಕಾದ್ದನ್ನು ಚೂಪಾಗಿ ಉಳಿಸಿ, ಬೇಡದ್ದರ ಮೇಲೆ ಪುಟ್ಟಿ ಎಳೆದು ದುಂಡಗೆ ಮಾಡಿದೆ. ಎಲ್ಲವನ್ನೂ ನಯ ಮಾಡಿದರೆ ಕೊಡಲಿ ಸೋಪಿನ ಬಿಲ್ಲೆಯಂತೆ ಕಾಣುತ್ತದೆ.

ತಗ್ಗು ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುವಷ್ಟು ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಬೂದು ಪ್ರೈಮರ್ ಹೊಡೆದ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ಧೂಳಿನಂತೆ ಹಾಯಿಸಿ, ಒಣಗಿದ ಮೇಲೆ ಉಜ್ಜಿ. ಉಬ್ಬಿದ ಕಡೆ ಕಪ್ಪು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ನನ್ನ ಅಲಗು ಮೊದಲ ಸಲ ಚಿರತೆಯ ಮೈಯಂತೆ ಕಂಡಿತು.

ಬಾಯಿಯ ಅಂಚನ್ನು ಚೂಪಾಗಿ ಬಿಡಲಿಲ್ಲ. ಜನಸಂದಣಿಯಲ್ಲಿ ಹಿಡಿದು ಓಡಾಡುವ ವಸ್ತು ಇದು, ರೆಸಿನ್ ಹಾಕಿದ ಕಾಗದದ ಅಂಚು ನಿಜಕ್ಕೂ ಕೊಯ್ಯುತ್ತದೆ. 4 ಮಿಲಿಮೀಟರ್ ದಪ್ಪಕ್ಕೆ ದುಂಡಗೆ ಉಜ್ಜಿ, ಚೂಪಿನ ಭ್ರಮೆಯನ್ನು ಬಣ್ಣಕ್ಕೆ ಬಿಟ್ಟೆ. ಪೂರ್ತಿ ಕಪ್ಪು, ಅದರ ಮೇಲೆ ಹೆಚ್ಚುಕಡಿಮೆ ಒಣಗಿದ ಬ್ರಶ್ಶಿನಲ್ಲಿ ಬೆಳ್ಳಿ ಬಣ್ಣ. ಅಂಚಿಗೆ ಜಾಸ್ತಿ, ಒಳಗೆ ಹೋಗುತ್ತಾ ಕಡಿಮೆ. ಅರದಿಂದ ಅಲ್ಲಲ್ಲಿ ಕಚ್ಚು ಹಾಕಿದೆ. ಕಪ್ಪು ಮತ್ತು ಕಂದು ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ ಬಳಿದು ಕೂಡಲೇ ಒರೆಸಿದೆ, ಮೂಲೆಗಳಲ್ಲಿ ಮಾತ್ರ ಕೊಳೆ ಉಳಿಯಿತು. ಬಣ್ಣದ ಪ್ರಯೋಗಗಳನ್ನೆಲ್ಲಾ ಮೊದಲು ಮಾಡಿದ್ದು ಆ ಸೊಟ್ಟ ಅಲಗಿನ ಮೇಲೆ. ಅದರ ಉಪಯೋಗ ಅಲ್ಲಿಂದ ಶುರುವಾಯಿತು.

ಒಂದು ಬುದ್ಧಿಮಾತು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು: ಕೂಟದ ಆಯುಧ ನಿಯಮಗಳನ್ನು ಕಟ್ಟುವ ಮುಂಚೆಯೇ ಓದಬೇಕು. ಒಂದೊಂದು ಕಡೆ ಒಂದೊಂದು ನಿಯಮ. ಕೆಲವು ಕಡೆ ಉದ್ದಕ್ಕೆ ಮಿತಿ ಇರುತ್ತದೆ, ಕೆಲವು ಕಡೆ ಗಟ್ಟಿ ಸರಕನ್ನೇ ಬಿಡುವುದಿಲ್ಲ. ನಾನು ಓದಿದ್ದು ಎಲ್ಲಾ ಮುಗಿದ ಮೇಲೆ. ಪುಣ್ಯ, ದಾಟಿತು. ಬಾಗಿಲಲ್ಲಿದ್ದವರು ಅಂಚಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ, ಕಾವಿಗೆ ಒಂದು ಪಟ್ಟಿ ಕಟ್ಟಿ ಒಳಗೆ ಬಿಟ್ಟರು. ಬೀಸಬಾರದು, ಬರೀ ಫೋಟೋಗೆ ಹಿಡಿಯಬೇಕು ಅಂತ ಆ ಪಟ್ಟಿಯ ಅರ್ಥ.

ಬೀಸಲಿಲ್ಲ. ಆದರೆ ಮೆಟ್ಟಿಲಿಗೆ ಒರಗಿಸಿಟ್ಟಿದ್ದಾಗ ಜಾರಿ ಕಲ್ಲಿನ ಮೇಲೆ ಬಿತ್ತು. ಸದ್ದಿಗೆ ನಾಲ್ಕೈದು ಜನ ತಿರುಗಿ ನೋಡಿದರು. ಮನೆಗೆ ಬಂದು ದೀಪದ ಕೆಳಗೆ ಹಿಡಿದು ನೋಡಿದೆ. ಅಲಗು ನೆಟ್ಟಗೇ ಇತ್ತು. ಕಿರುಬೆರಳಿನ ಉಗುರಿನಷ್ಟು ಒಂದು ಚಕ್ಕೆ ಮಾತ್ರ ಹಾರಿತ್ತು. ಬೆಳ್ಳಿ, ಕಪ್ಪು, ಬೂದು, ಪುಟ್ಟಿ, ಎಲ್ಲಾ ಪದರಗಳೂ ಕಾಣುತ್ತಿದ್ದವು. ಅದರಡಿಯಲ್ಲಿ ರೆಸಿನ್ ಕುಡಿದ ಕಾಗದ, ಕಾಗದದ ಮೇಲೆ ಸ್ಪಷ್ಟವಾಗಿ 63.

ತುಂಬೋಣ ಅಂತ ಪುಟ್ಟಿ ಡಬ್ಬಿ ತೆಗೆದೆ. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ, ಒಳಗೆಲ್ಲಾ ಗಟ್ಟಿಯಾಗಿತ್ತು. ಸದ್ಯಕ್ಕೆ ಆ ಜಾಗಕ್ಕೆ ಬೆಳ್ಳಿ ಮಾರ್ಕರ್ ಎಳೆದಿದ್ದೇನೆ.